ಪಾನಕ ಹೇಳಿದ ಸಾಕ್ಷಿ

ಕೊರೊನಾ ಕಳೆದು ಛತ್ರಗಳು ಮತ್ತೆ ತುಂಬತೊಡಗಿದ ವರ್ಷ. ಆಗ ನಾನು ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಶುಭಕಾರ್ಯದ ಅಡುಗೆ ಗುತ್ತಿಗೆ ಹಿಡಿಯುತ್ತಿದ್ದೆ, ಈಗಲೂ ಹಿಡಿಯುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಶಿವಮೊಗ್ಗದ ಕೋಟೆ ಕಡೆಯ ಅಡುಗೆಯವರೊಬ್ಬರ ಕೈಕೆಳಗೆ ಕಾಯಿ ತುರಿಯಲು ಸೇರಿದವನು. ಇವತ್ತು ಮಲವಗೊಪ್ಪದಲ್ಲಿ ನನ್ನದೇ ಪಾತ್ರೆ ಗೋಡೌನ್ ಇದೆ. ಈ ಮಂಜಣ್ಣನ ಹೋಳಿಗೆ ಎರಡನೇ ಸಲ ಬಂದಾಗ ಎಲೆಗೆ ಕೈ ಅಡ್ಡ ಹಿಡಿದವರನ್ನು ನಾನು ಕಂಡಿದ್ದು ಕಡಿಮೆ. ಜಂಬದ ಮಾತಲ್ಲ, ದುಡಿದು ಗಳಿಸಿದ ಮಾತು.

ಆ ವರ್ಷ ಭದ್ರಾವತಿಯ ರಂಗಸ್ವಾಮಿಯವರು ತಮ್ಮ ಅರವತ್ತರ ಶಾಂತಿಗೆ ಅಡುಗೆ ಒಪ್ಪಿಸಲು ಕರೆಸಿದರು. ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು, ಗಟ್ಟಿ ಆಳು. ಸಕ್ಕರೆ ಕಾಯಿಲೆಯಿತ್ತು, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಬೆಳಗಿನ ವಾಕಿಂಗ್ ಗೆಳೆಯರ ನಡುವೆ ಆರೋಗ್ಯದ ವಿಷಯದಲ್ಲಿ ಅವರದೇ ಕೊನೆಯ ಮಾತು.

"ಮಂಜಣ್ಣ, ಬಿಳಿ ಸಕ್ಕರೆ ಅಂದ್ರೆ ವಿಷ ಕಣಯ್ಯ. ನನ್ನ ಕಾರ್ಯದಲ್ಲಿ ಒಂದು ಕಾಳು ಸಕ್ಕರೆ ಅಡಿಗೆಮನೆಗೆ ಬರಬಾರ್ದು. ಎಲ್ಲಾ ಬೆಲ್ಲದಲ್ಲೇ ಮಾಡು. ನಮ್ಮ ವಾಕಿಂಗ್‌ನವ್ರು ಅರ್ಧಕ್ಕರ್ಧ ಶುಗರ್‌ನವ್ರು. ಅವ್ರೂ ಒಂದಿನ ಹೊಟ್ಟೆ ತುಂಬ ಹೋಳಿಗೆ ತಿನ್ಲಿ."

ಅವರ ಹೆಂಡತಿ ಸುಶೀಲಮ್ಮ ವೀಳ್ಯದ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. "ಇವ್ರಿಗೆ ಬೆಲ್ಲಾನೂ ಬೇಡ ಅಂದಿದಾರೆ ಡಾಕ್ಟ್ರು."

"ಡಾಕ್ಟ್ರಿಗೇನು ಗೊತ್ತು ಮಾರಾಯ್ತಿ? ನಮ್ಮಜ್ಜ ಬೆಲ್ಲ ತಿಂದ್ಕೊಂಡೇ ತೊಂಬತ್ತು ವರ್ಷ ಬದುಕಿದ."

"ನಿಮ್ಮಜ್ಜ ಗದ್ದೆ ಉಳ್ತಿದ್ದ. ನೀವು ಪಾರ್ಕಿನ ಬೆಂಚ್ ಮೇಲೆ ಕೂತು ಭಾಷಣ ಮಾಡ್ತೀರಿ."

ನಮ್ಮ ಕಸುಬಿನಲ್ಲಿ ವೀಳ್ಯ ಕೊಟ್ಟು ಕೆಲಸ ಒಪ್ಪಿಸಿದವರ ಮಾತೇ ಮಾತು. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಕಪ್ಪು ಬೆಲ್ಲ ಆರಿಸಿ ತಂದೆ. ಬೆಲ್ಲದ ಅಡುಗೆ ಸುಲಭವಲ್ಲ. ಹಾಲು ಕುದಿಯುವಾಗ ಹಾಕಿದರೆ ಪಾಯಸ ಒಡೆಯುತ್ತದೆ. ಪಾಕ ಹೆಚ್ಚಾದರೆ ಹೂರಣ ಕಲ್ಲಾಗುತ್ತದೆ. ಕಾಫಿಗೂ ಬೆಲ್ಲವೇ ಎಂದು ಹಟ ಹಿಡಿದು, ಸಕ್ಕರೆ ಡಬ್ಬಿಯನ್ನು ಗೋಡೌನಿನಲ್ಲೇ ಬಿಟ್ಟುಹೋದೆ. ಊಟದ ಹಾಲ್‌ನ ಬಾಗಿಲಿಗೆ ರಂಗಸ್ವಾಮಿಯವರು 'ಸಕ್ಕರೆರಹಿತ ಭೋಜನ' ಎಂದು ದೊಡ್ಡ ಬ್ಯಾನರ್ ಕಟ್ಟಿಸಿದ್ದರು.

ಕಾರ್ಯದ ದಿನ ಸುಶೀಲಮ್ಮ ಬೆಳಗಾಗುವ ಮುಂಚೆಯೇ ಛತ್ರಕ್ಕೆ ಬಂದಿದ್ದರು. ಮನೆಯಲ್ಲಿದ್ದ ರಂಗಸ್ವಾಮಿಯವರು, ಮಧ್ಯಾಹ್ನ ಹೋಳಿಗೆ ಇದೆಯಲ್ಲ, ಮೊದಲೇ ಕರಗಿಸಿಬಿಡೋಣ ಎಂದು ದಿನಕ್ಕಿಂತ ಹೆಚ್ಚು ನಡೆದರು. ಔಷಧಿ ತಪ್ಪಿಸಬಾರದೆಂದು ಇನ್ಸುಲಿನ್ ಚುಚ್ಚಿಕೊಂಡರು. ತಿಂಡಿ ಮಾತ್ರ ಮುಟ್ಟಲಿಲ್ಲ. ಹಾಲು, ಹಣ್ಣು ತೆಗೆದುಕೊಳ್ಳಬಹುದು ಎಂದು ಪುರೋಹಿತರೇ ಹೇಳಿದ್ದರಂತೆ. "ಉಪವಾಸ ಇದ್ರೆ ಶುಗರ್ ತಾನಾಗೇ ಇಳಿಯುತ್ತೆ" ಎಂದು ಇವರೇ ಬೇಡವೆಂದರಂತೆ. ಇದೆಲ್ಲ ನಮಗೆ ಆಮೇಲೆ ಗೊತ್ತಾಗಿದ್ದು.

ನೆಂಟರು ಬರುವುದು ತಡವಾಗಿ ಹೋಮವೂ ತಡವಾಯಿತು. ನಾನು ಕಲಶಕ್ಕೆ ತೆಂಗಿನಕಾಯಿ ಕೊಡಲು ಹೋದಾಗ ರಂಗಸ್ವಾಮಿಯವರ ಶಲ್ಯ ಬೆವರಿಗೆ ಒದ್ದೆಯಾಗಿತ್ತು. ಹೋಮದ ಬಿಸಿ ಎಂದುಕೊಂಡೆವು. ಕುಲುಮೆ ಮುಂದೆ ನಿಂತವರಿಗೆ ಇದೇನು ಬಿಸಿ ಎಂದು ಯಾರೋ ನಕ್ಕರು. ಅಷ್ಟರಲ್ಲಿ ಅವರು ಪುರೋಹಿತರ ಮೇಲೆ ಕಾರಣವಿಲ್ಲದೆ ರೇಗಿದರು. ಮಾತು ತೊದಲಿತು. ಕೈ ನಡುಗಿ ತುಪ್ಪದ ಸೌಟು ಜಾರಿತು. ಮಣೆಯ ಮೇಲೇ ವಾಲಿದರು.

ಅವರ ತಮ್ಮ ಗೋವಿಂದರಾಜು ಓಡಿಬಂದರು. "ಶುಗರ್ ಜಾಸ್ತಿಯಾಗಿದೆ! ಯಾರೂ ಸಿಹಿ ಕೊಡ್ಬೇಡಿ. ಇನ್ಸುಲಿನ್ ಎಲ್ಲಿದೆ, ತನ್ನಿ!"

ಸುಶೀಲಮ್ಮ ಗಂಡನ ತಲೆಯನ್ನು ತೋಳಿಗೆ ಒರಗಿಸಿಕೊಂಡು ಕೇಳಿದರು: "ಬೆಳಿಗ್ಗೆ ಚುಚ್ಕೊಂಡ್ರಾ?"

"ಹೂಂ ಅತ್ತಿಗೆ, ನಾನೇ ನೋಡ್ದೆ."

"ತಿಂಡಿ?"

"ಉಪವಾಸ ಅಂದ್ರು."

ಆ ಹೆಂಗಸು ಜೋರಾಗಿ ಮಾತಾಡಿದ್ದನ್ನು ನಾನು ಅವತ್ತೇ ಕೇಳಿದ್ದು. "ಮಂಜಣ್ಣ, ಸಕ್ಕರೆ ನೀರು ತನ್ನಿ!"

ಸಕ್ಕರೆ ಎಲ್ಲಿಂದ ತರಲಿ? ಅದಿಲ್ಲ ಎನ್ನುವುದೇ ಅವತ್ತಿನ ನನ್ನ ಹೆಮ್ಮೆಯಾಗಿತ್ತು. "ಸಕ್ಕರೆ ಇಲ್ಲಮ್ಮ, ಬೆಲ್ಲದ ಪಾನಕ ಇದೆ."

"ಅದೇ ತನ್ನಿ, ಬೇಗ!"

ಕೊಳಗದಿಂದ ಲೋಟಕ್ಕೆ ತುಂಬಿಕೊಂಡು ಓಡಿದೆ. ಗೋವಿಂದರಾಜು ಅಡ್ಡ ನಿಂತರು. "ಶುಗರ್ ಪೇಷೆಂಟಿಗೆ ಪಾನಕ ಕುಡಿಸ್ತೀರಾ? ಅಣ್ಣಂಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ನಾನು. ಇಷ್ಟು ವರ್ಷ ಇವ್ರನ್ನ ನೋಡ್ಕೊಂಡಿದ್ದು ಮತ್ಯಾರು, ನಿನ್ನ ವಾಟ್ಸಾಪಾ? ದಾರಿ ಬಿಡು, ಕಾರು ತರಿಸು."

ರಂಗಸ್ವಾಮಿಯವರಿಗೆ ಇನ್ನೂ ಪೂರ್ತಿ ಎಚ್ಚರ ತಪ್ಪಿರಲಿಲ್ಲ. ಸುಶೀಲಮ್ಮ ಒಂದು ಗುಟುಕು ಕುಡಿಸಿ, "ನುಂಗ್ರಿ" ಎಂದರು. ನುಂಗಿದ ಮೇಲೆಯೇ ಇನ್ನೊಂದು ಗುಟುಕು ಕೊಟ್ಟರು. ಲೋಟ ಖಾಲಿಯಾಯಿತು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಅಲೆಯುತ್ತಿದ್ದ ನೋಟ ಸ್ಥಿರವಾಯಿತು. ಅವರು ಸುತ್ತಲೂ ನೋಡಿ, "ಯಾಕ್ರೋ ಎಲ್ಲಾ ಹಿಂಗೆ ನಿಂತಿದೀರಿ, ಹೋಮ ನಿಲ್ಸಿದ್ಯಾರು?" ಎಂದರು.

ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಶುಗರ್ ಏರಿದ್ದಲ್ಲ, ತೀರಾ ಇಳಿದಿದ್ದು. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ, ಮೇಲೆ ಶ್ರಮವನ್ನೂ ಪಟ್ಟರೆ ಹೀಗಾಗುತ್ತದೆ ಎಂದು ಡಾಕ್ಟರು ವಿವರಿಸಿದರಂತೆ. ಆ ಹೊತ್ತಿನಲ್ಲಿ ಇನ್ನೊಂದು ಸಲ ಚುಚ್ಚಿದ್ದರೆ ಜೀವಕ್ಕೇ ಅಪಾಯವಿತ್ತು. ಇನ್ನೊಂದು ಮಾತನ್ನೂ ಹೇಳಿ ಕಳಿಸಿದ್ದರು: ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಸೀದಾ ಆಸ್ಪತ್ರೆಗೆ ಒಯ್ಯಬೇಕು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಗಂಡ ಹೆಂಡತಿ ವಾಪಸ್ ಬಂದರು. ಕಾದಿದ್ದವರೆಲ್ಲ ನಿರಾಳವಾಗಿ ಪಂಕ್ತಿಗೆ ಕೂತರು. ವಾಕಿಂಗ್ ಗೆಳೆಯರು ಒಂದೇ ಸಾಲಿನಲ್ಲಿದ್ದರು. "ಇನ್ನೆರಡು ಹಾಕ್ರೀ, ಬೆಲ್ಲದ್ದು ತಾನೆ, ಏನೂ ಆಗಲ್ಲ" ಎಂದು ಒಬ್ಬರು ಹೋಳಿಗೆ ತಟ್ಟೆಯನ್ನೇ ಎಳೆದುಕೊಂಡರು.

ತುಪ್ಪ ಬಡಿಸುತ್ತಿದ್ದ ಸುಶೀಲಮ್ಮ ಅಲ್ಲೇ ನಿಂತರು. "ಬೆಲ್ಲದಿಂದ ಶುಗರ್ ಏರಲ್ಲ ಅಂದ್ರೆ, ಬೆಳಿಗ್ಗೆ ಇವ್ರು ಏನು ಕುಡಿದು ಎದ್ದು ಕೂತ್ರು, ಹೇಳಿ?"

ತಟ್ಟೆ ಎಳೆದುಕೊಂಡವರು ಅದನ್ನು ಹಿಂದಕ್ಕೆ ತಳ್ಳಿದರು. ಭದ್ರಾವತಿ ಸುತ್ತ ಆಲೆಮನೆ ನೋಡದವರು ಯಾರಿದ್ದಾರೆ? ಸಕ್ಕರೆಯೂ ಬೆಲ್ಲವೂ ಒಂದೇ ಕಬ್ಬಿನ ಮಕ್ಕಳು ಎಂದು ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೊದಲ ಎಲೆಯಲ್ಲಿ ಕೂತಿದ್ದ ರಂಗಸ್ವಾಮಿಯವರು ತಮ್ಮ ಹೋಳಿಗೆಯನ್ನು ಮುರಿದು, ಅರ್ಧ ಉಳಿಸಿಕೊಂಡು, ಉಳಿದರ್ಧವನ್ನು ತಮ್ಮನ ಎಲೆಗೆ ಹಾಕಿ, "ಆ ಬ್ಯಾನರ್ ಇಳ್ಸಯ್ಯ ಮಂಜಣ್ಣ" ಎಂದರು. ನಾನು ಹೋಳಿಗೆ ತಟ್ಟೆ ಹಿಡಿದು ಮುಂದೆ ಹೋದಂತೆ ಒಂದೊಂದೇ ಕೈ ಎಲೆಗೆ ಅಡ್ಡ ಬಂತು. ಅಷ್ಟು ಕೈಗಳನ್ನು ಒಟ್ಟಿಗೆ ಕಂಡಿದ್ದು ಅದೇ ಮೊದಲು. ಅವಮಾನವಾಗಲಿಲ್ಲ.

ಅಂದಿನಿಂದ ವೀಳ್ಯ ಹಿಡಿಯುವಾಗಲೇ ಕೇಳುತ್ತೇನೆ: ಮಣೆ ಮೇಲೆ ಕೂರುವವರಿಗೆ ಶುಗರ್ ಇದೆಯೇ, ಉಪವಾಸದ ಬಗ್ಗೆ ಡಾಕ್ಟರನ್ನು ಕೇಳಿದ್ದೀರಾ? ಕೆಲವರು, ಅಡುಗೆಯವನಿಗೇಕೆ ಈ ಉಸಾಬರಿ ಎನ್ನುತ್ತಾರೆ. ಅನ್ನಲಿ. ಹೋಮದ ಹತ್ತಿರ ಒಂದು ಚೊಂಬು ಪಾನಕ ಇಡಿಸುತ್ತೇನೆ. ಬಡಿಸುವವರಿಗೆ ಒಂದೇ ಮಾತು ಹೇಳಿದ್ದೇನೆ: ಎಲೆಗೆ ಕೈ ಅಡ್ಡ ಬಂದರೆ ಒತ್ತಾಯ ಮಾಡಬೇಡಿ. ಹೋಳಿಗೆ ಮಾಡುವುದಷ್ಟೇ ನನ್ನ ಕೆಲಸ. ಎಷ್ಟು ಸಾಕು ಎನ್ನುವುದು ಆ ಕೈಗೆ ಗೊತ್ತಿರುತ್ತದೆ.