ಹದಿನೆಂಟಿದ್ದದ್ದು ಅರವತ್ತೊಂದಾದ ದಿನ

ಬೆಳಗಿನ ಆರು ಗಂಟೆ. ನಂದಗುಡಿ ಹೋಬಳಿಯ ಹಳ್ಳಿಯೊಂದರ ಡೈರಿ ಮುಂದೆ ಹಾಲಿನ ಕ್ಯಾನುಗಳು ಸಾಲು ಹಿಡಿದಿವೆ. ಎದುರು ಮನೆಯ ಜಗಲಿಯಲ್ಲಿ ಸಂಘಮಿತ್ರ ಮಂಡಿಯೂರಿ ಕೂತು, ಎಪ್ಪತ್ತೆಂಟು ವರ್ಷದ ಆದಿನಾರಾಯಣಪ್ಪನವರ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಾರೆ. ಗುದ್ದಲಿ ಹಿಡಿದು ಗಟ್ಟಿಯಾದ ಕೈ, ನರ ಸುಲಭಕ್ಕೆ ಕಾಣುವುದಿಲ್ಲ. ಸಂಘಮಿತ್ರ ಕಣ್ಣನ್ನು ನಂಬದೆ ಬೆರಳ ತುದಿಯಿಂದ ಹುಡುಕುತ್ತಾರೆ.

“ಯಾರ ಮನೆಯೋಳಮ್ಮಾ ನೀನು?” ತಾತ ಕೇಳುತ್ತಾರೆ.

“ಮೊದ್ಲು ಕೈ ಕೊಡಿ ತಾತ, ಆಮೇಲೆ ಕೇಳೀರಂತೆ.”

ತಾತ ಮುಂದಿನ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ರಕ್ತದ ಟ್ಯೂಬು ತುಂಬಿರುತ್ತದೆ. “ಚುಚ್ಚಿದ್ಯಾ ಆಗ್ಲೇ?” ಎಂದು ಅವರಿಗೇ ಆಶ್ಚರ್ಯ.

‘ಯಾರ ಮನೆಯೋಳು’ ಎಂಬ ಪ್ರಶ್ನೆಯ ಒಳಗೇನಿದೆ ಎಂಬುದು ಸಂಘಮಿತ್ರ ಅವರಿಗೆ ಗೊತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಉತ್ತರ ಕೇಳಿದ ಮೇಲೆ ಚಾಚಿದ ಕೈ ಹಿಂದಕ್ಕೆ ಹೋಗಿದ್ದೂ ಉಂಟು. “ಈಗ ಅದೇ ಮನೆಯೋರು ಲ್ಯಾಬಿಗೆ ಫೋನ್ ಮಾಡಿ, ಆಯಮ್ಮನ್ನೇ ಕಳ್ಸಿ ಅಂತಾರೆ. ನಾನು ಚುಚ್ಚಿದ್ರೆ ನೋವಾಗಲ್ವಂತೆ,” ಎಂದು ನಗುತ್ತಾರೆ.

ಮೂವತ್ನಾಲ್ಕರ ಸಂಘಮಿತ್ರ ಹೊಸಕೋಟೆಯ ಸಣ್ಣದೊಂದು ಲ್ಯಾಬಿನ ಟೆಕ್ನಿಷಿಯನ್. ಬೆಳಿಗ್ಗೆ ಹದಿನಾಲ್ಕೋ ಹದಿನೈದೋ ಮನೆ, ಸ್ಕೂಟರಿನಲ್ಲಿ ಐವತ್ತು ಕಿಲೋಮೀಟರ್. ಒಂಬತ್ತಕ್ಕೆ ಮುಂಚೆ ರಕ್ತ ಲ್ಯಾಬು ಸೇರಬೇಕು, ಆಮೇಲೆ ಸಂಜೆವರೆಗೆ ಪರೀಕ್ಷೆಯ ಕೆಲಸ. ತಂದೆ ಲಕ್ಷ್ಮಯ್ಯ ಆಸ್ಪತ್ರೆಯಲ್ಲಿ ಸ್ಟ್ರೆಚರ್ ತಳ್ಳುತ್ತಿದ್ದವರು, ತಾಯಿ ಮುತ್ತಮ್ಮ ತರಕಾರಿ ತೋಟಗಳ ಕೂಲಿ. ಮಗಳು ಡಿಪ್ಲೊಮಾ ಮುಗಿಸಿದ ದಿನ ಲಕ್ಷ್ಮಯ್ಯ ಹೇಳಿದ್ದು ಒಂದೇ ಮಾತು: “ನಾನು ಬಾಗಿಲವರೆಗೆ ತಳ್ಕೊಂಡು ಹೋಗ್ತಿದ್ದೆ, ನೀನು ಒಳಗೆ ಹೋಗ್ತೀಯ.”

ಮಂಡಿಯ ಕೀಲು ಬದಲಿಸಿಕೊಂಡವರು ಈಗ ಪ್ರತಿ ಊರಲ್ಲೂ ಇದ್ದಾರೆ. ಬೆಂಗಳೂರಿನಲ್ಲಿ ಆಪರೇಷನ್, ಊರಲ್ಲಿ ಚೇತರಿಕೆ. ಇವರಿಗೆ ಡಾಕ್ಟರು ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ಸಿಆರ್‌ಪಿ ಒಂದು. ಅದನ್ನು ಸಂಘಮಿತ್ರ ವಿವರಿಸುವ ಬಗೆ ಹೀಗೆ: “ಮೈಯೊಳಗೆ ಎಷ್ಟು ಉರಿ ಇದೆ ಅಂತ ಹೇಳೋ ನಂಬರ್ರು. ಆಪರೇಷನ್ ಆದ ಎರಡು ಮೂರು ದಿನಕ್ಕೆ ಜೋರಾಗಿ ಏರತ್ತೆ, ಅದಕ್ಕೆ ಹೆದರ್ಬಾರ್ದು. ಆಮೇಲೆ ಇಳೀತಾ ಹೋಗ್ಬೇಕು. ಇಳಿದಿದ್ದು ಮತ್ತೆ ಏರ್ತು ಅಂದ್ರೆ ಸುಮ್ನೆ ಕೂರ್ಬಾರ್ದು.”

ಕಳೆದ ವರ್ಷ ನಂದಗುಡಿ ಬಳಿಯ ಭಾಗ್ಯಮ್ಮನವರ ವಿಷಯದಲ್ಲಿ ಆದದ್ದು ಅದೇ. ಅರವತ್ಮೂರರ ಭಾಗ್ಯಮ್ಮ ನಾಲ್ಕು ಹಸು ಕಟ್ಟಿರುವ ಗಟ್ಟಿ ಹೆಂಗಸು. ಆಪರೇಷನ್ ಆದ ಮೂರನೇ ದಿನ ಅವರ ಸಿಆರ್‌ಪಿ ನೂರ ನಲವತ್ತೆಂಟು. ಎರಡು ವಾರಕ್ಕೆ ಮೂವತ್ತೆರಡು, ಮೂರು ವಾರಕ್ಕೆ ಹದಿನೆಂಟು. ನಾಲ್ಕನೇ ವಾರ ಯಂತ್ರ ತೋರಿಸಿದ್ದು ಅರವತ್ತೊಂದು. ಸಂಘಮಿತ್ರ ಅದೇ ರಕ್ತವನ್ನು ಮತ್ತೆ ಹಾಕಿ ನೋಡಿದರು. ಅರವತ್ಮೂರು.

ಭಾಗ್ಯಮ್ಮನವರ ಮಗ ವೇಣುಗೋಪಾಲ್‌ಗೆ ಫೋನ್ ಮಾಡಿದರೆ ಅವರು ನಿಶ್ಚಿಂತರಾಗಿದ್ದರು. “ಮೊದ್ಲು ನೂರನಲವತ್ತೆಂಟಿತ್ತಲ್ಲಮ್ಮಾ, ಈಗ ಅರವತ್ತೊಂದೇ ತಾನೆ? ಕಮ್ಮಿ ಆಗಿದೆಯಲ್ಲ!”

“ಹೋದ್ವಾರ ಹದಿನೆಂಟಿತ್ತು ಸಾರ್.”

“ಇನ್ನೆರಡು ವಾರಕ್ಕೆ ಡಾಕ್ಟರ್ ನೋಡೋದಿದೆ, ಆಗ ತೋರಿಸ್ತೀವಿ ಬಿಡಿ.”

ಡಾಕ್ಟರ ಚೀಟಿಯಲ್ಲಿದ್ದ ಆಸ್ಪತ್ರೆಯ ನಂಬರಿಗೆ ಮಾಡಿದರೂ ಅದೇ ಉತ್ತರ. ಲ್ಯಾಬಿನ ಮಾಲೀಕ ರವಿಚಂದ್ರ ಬೇಸರಪಟ್ಟುಕೊಂಡರು. “ರಿಪೋರ್ಟ್ ಕೊಡೋದಷ್ಟೇ ನಮ್ಮ ಕೆಲಸ ಕಣಮ್ಮಾ. ಅವರು ಕಂಪ್ಲೇಂಟ್ ಕೊಟ್ರೆ ನಾನು ನಿನ್ನ ಇಟ್ಕೊಳಕ್ಕಾಗಲ್ಲ.”

ಮರುದಿನ ಬೆಳಿಗ್ಗೆ ಸಂಘಮಿತ್ರ ಯಾರೂ ಕರೆಯದೆಯೇ ಭಾಗ್ಯಮ್ಮನವರ ಮನೆಗೆ ಹೋದರು. ಭಾಗ್ಯಮ್ಮ ವಾಕರ್ ಹಿಡಿದು ಅಂಗಳದಲ್ಲಿ ನಡೆಯುತ್ತಿದ್ದರು. ಜ್ವರವಿಲ್ಲ, ಗಾಯ ಒಣಗಿದೆ. “ಚೆನ್ನಾಗಿದೀನಲ್ಲೇ, ಇನ್ಯಾಕೆ ರಕ್ತ?” ಎಂದರು. ಸಂಘಮಿತ್ರ ಅನುಮತಿ ಕೇಳಿ ಎರಡೂ ಮಂಡಿಗಳ ಮೇಲೆ ಒಂದೊಂದು ಅಂಗೈ ಇಟ್ಟರು. ಆಪರೇಷನ್ ಆದ ಮಂಡಿ ಬೆಚ್ಚಗಿತ್ತು.

“ನೀವೂ ಮುಟ್ಟಿ ನೋಡಿ ಸಾರ್,” ಎಂದು ವೇಣುಗೋಪಾಲ್ ಅವರನ್ನು ಕರೆದರು. “ನಾನು ಡಾಕ್ಟರಲ್ಲ. ಏನಾಗಿದೆ ಅಂತ ಹೇಳಕ್ಕೆ ನಂಗೆ ಬರಲ್ಲ. ಇವತ್ತೇ ತೋರಿಸಿ ಅಂತ ಮಾತ್ರ ಹೇಳ್ತೀನಿ. ಏನೂ ಇಲ್ಲ ಅಂದ್ರೆ ನನ್ನ ಬೈಯೋರಂತೆ.”

ಮಗ ಮುಟ್ಟಿ ನೋಡಿದರು. ಒಳಗೆ ಹೋಗಿ ಕಾರಿನ ಕೀಲಿ ತಂದರು.

ಡಾಕ್ಟರು ಮಂಡಿಯಿಂದ ನೀರು ತೆಗೆದು ನೋಡಿದಾಗ ಹೊಸ ಕೀಲಿನ ಸುತ್ತ ಸೋಂಕು ಆಗಷ್ಟೇ ಹಿಡಿಯತೊಡಗಿತ್ತು. ಮಂಡಿ ತೆರೆದು ತೊಳೆದು, ನಡುವಿನ ಪ್ಲಾಸ್ಟಿಕ್ ಭಾಗ ಬದಲಿಸಿ, ವಾರಗಟ್ಟಲೆ ಔಷಧಿ ಕೊಟ್ಟರು. ಇನ್ನೆರಡು ವಾರ ತಡವಾಗಿದ್ದರೆ ಇಡೀ ಕೀಲನ್ನೇ ತೆಗೆಯಬೇಕಾಗುತ್ತಿತ್ತೇನೋ ಎಂದು ಡಾಕ್ಟರು ಹೇಳಿದ್ದನ್ನು ವೇಣುಗೋಪಾಲ್ ಮರೆತಿಲ್ಲ.

ಭಾಗ್ಯಮ್ಮ ಈಗ ಡೈರಿಗೆ ತಾವೇ ಹಾಲು ಹಾಕಿ ಬರುತ್ತಾರೆ. “ಅದೇನು ಹೆಸರೋ, ನನ್ನ ನಾಲಿಗೆಗೆ ತಿರುಗಲ್ಲ. ಸಂಗಮ್ಮ ಅಂತೀನಿ,” ಎನ್ನುತ್ತಾರೆ. “ಕಾಲು ಡಾಕ್ಟ್ರು ಕೊಟ್ರು ಕಣಪ್ಪಾ. ಉಳಿಸ್ಕೊಟ್ಟಿದ್ದು ಅವಳು.”

ರವಿಚಂದ್ರ ಕೂಡ ಬದಲಾಗಿದ್ದಾರೆ. “ಏನು ಬೇಕು ಕೇಳಮ್ಮಾ” ಎಂದಾಗ ಸಂಘಮಿತ್ರ ಸಂಬಳದ ಮಾತೆತ್ತಲಿಲ್ಲ. ಇವತ್ತಿನ ಸಂಖ್ಯೆಯ ಪಕ್ಕದಲ್ಲೇ ಹಿಂದಿನ ಸಂಖ್ಯೆಯೂ ಅಚ್ಚಾಗಬೇಕು, ಯಾರ ಕಣ್ಣಿಗಾದರೂ ಏರಿದ್ದು ಇಳಿದದ್ದು ಕಾಣಬೇಕು ಎಂದರು. ಆ ಲ್ಯಾಬಿನ ರಿಪೋರ್ಟುಗಳೆಲ್ಲ ಈಗ ಹಾಗೇ ಬರುತ್ತವೆ.

ಹೊರಡುವ ಮುನ್ನ ಸಂಘಮಿತ್ರ, ಅವರ ಬಗ್ಗೆ ಬರೆಯಲು ಹೋಗಿದ್ದ ನನಗೂ ಅಂಥದೊಂದು ರಿಪೋರ್ಟಿನ ಹಾಳೆ ತೋರಿಸಿದರು. ಕೆಳಗೆ ಡಾಕ್ಟರ ಸಹಿ, ಮೇಲೆ ಲ್ಯಾಬಿನ ಹೆಸರು. ನಿಮ್ಮ ಹೆಸರೆಲ್ಲಿ ಎಂದು ಕೇಳಿದೆ.

“ನಮ್ಮಂಥೋರ ಹೆಸರು ಹಾಕಲ್ಲ ಸಾರ್,” ಎಂದು ಹೆಲ್ಮೆಟ್ ತೊಟ್ಟರು. ಆಮೇಲೆ ಹಿಂದಿನ ಸಂಖ್ಯೆಯ ಮೇಲೆ ಬೆರಳಿಟ್ಟು ತೋರಿಸಿದರು. “ಆದ್ರೆ ಈ ಕಾಲಂ ಇದೆಯಲ್ಲ, ಇದು ನಾನು ಹೇಳಿ ಹಾಕ್ಸಿದ್ದು.”