ಏರಿ ಮೇಲಿನ ತೊಟ್ಟಿಲು

ಆ ಕಾಲದಲ್ಲಿ ನಮ್ಮ ಮನೆಗೆ ಕ್ರಿಸ್ಮಸ್ಸು ಅವರೆಕಾಯಿಯ ಸೊಗಡಿನ ಜೊತೆಗೇ ಬರುತ್ತಿತ್ತು. ಹೊರಗೆ ಕಣಗಳಲ್ಲಿ ರಾಗಿ ಒಕ್ಕಣೆ, ಒಳಗೆ ಹೊತ್ತುಹೊತ್ತಿಗೂ ಹಿದುಕಿದವರೆ ಸಾರು. ಬೆರಳಿಗೆ ಅಂಟಿದ ಸೊಗಡು ಎಷ್ಟು ತೊಳೆದರೂ ಹೋಗದೆ, ಪ್ರಾರ್ಥನೆಗೆ ಕೈ ಜೋಡಿಸಿದಾಗಲೂ ಮೂಗಿಗೆ ಬಡಿಯುತ್ತಿತ್ತು. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ವಾಸನೆ ಈಗ ನಿಮಗೂ ಬಂದಿರಬೇಕು.

ದೊಡ್ಡ ಯುದ್ಧ ನಡೆಯುತ್ತಿದ್ದ ವರ್ಷಗಳು. ಅಪ್ಪ ಮಹಾರಾಜರ ಸರ್ಕಾರದಲ್ಲಿ ದಾಕು ಹಾಕುವ ಕೆಲಸದಲ್ಲಿದ್ದರು. ಸಿಡುಬು ಬಾರದಂತೆ ಹಳ್ಳಿಹಳ್ಳಿ ತಿರುಗಿ ಮಕ್ಕಳ ತೋಳಿಗೆ ದಾಕು ಹಾಕಬೇಕು. ಆಗ ಅವರನ್ನು ಕಳ್ಳಂಬೆಳ್ಳಕ್ಕೆ ವರ್ಗ ಮಾಡಿದ್ದರು. ಊರಿಗೆಲ್ಲ ನಮ್ಮದೊಂದೇ ಕ್ರೈಸ್ತರ ಮನೆ. ಶಿರಾ, ಮಧುಗಿರಿ, ಕೊರಟಗೆರೆಗಳಲ್ಲಿ ಒಂದೊಂದು ಮನೆಯಾಗಿ ಚದುರಿದ್ದ ನಮ್ಮ ನಂಟರು ವರ್ಷಕ್ಕೊಬ್ಬರಂತೆ ಸರದಿ ಹಾಕಿಕೊಂಡು ಕ್ರಿಸ್ಮಸ್ಸಿಗೆ ಒಂದೇ ಕಡೆ ಸೇರುತ್ತಿದ್ದರು. ಆ ವರ್ಷದ ಸರದಿ ನಮ್ಮದು. ನನಗೆ ಒಂಬತ್ತು ವರ್ಷ.

ಹಿಂದಿನ ವರ್ಷ ಕೊರಟಗೆರೆಯಲ್ಲಿ ದೊಡ್ಡಮ್ಮನ ಮನೆಯಲ್ಲಿ ಸೇರಿದ್ದೆವು. ಅವರ ಕ್ರಿಸ್ಮಸ್ ಮರಕ್ಕೆ, ಯುದ್ಧಕ್ಕೆ ಮುಂಚೆ ಬೆಂಗಳೂರಿನಿಂದ ತಂದಿದ್ದ ಗಾಜಿನ ಗುಂಡುಗಳನ್ನು ಕಟ್ಟಿದ್ದರು. ಕೆಂಪು, ನೀಲಿ, ಬೆಳ್ಳಿ ಬಣ್ಣ. ಒಂದೊಂದರಲ್ಲೂ ನಮ್ಮ ಮುಖ ಉಬ್ಬಿಕೊಂಡು ಕಾಣುತ್ತಿತ್ತು. ನಾನು ಒಂದನ್ನು ಮುಟ್ಟಲು ಹೋದಾಗ ದೊಡ್ಡಮ್ಮನ ಮಗಳು ಗ್ರೇಸಿ ಕೈ ತಟ್ಟಿದಳು.

"ಒಡೆದೀಯೆ! ಮುಂದಿನ ವರ್ಷ ನಿಮ್ಮನೇಲಿ ಮರಕ್ಕೆ ಏನು ಕಟ್ತೀರ? ಅವರೆಕಾಯಾ?"

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಆ ಮಾತನ್ನು ನಾನು ವರ್ಷವಿಡೀ ಹೊತ್ತುಕೊಂಡು ತಿರುಗಿದೆ.

ಯುದ್ಧ ಬಂದ ಮೇಲೆ ಗಾಜಿನ ಗುಂಡುಗಳೇ ಬರುತ್ತಿರಲಿಲ್ಲ. ಬಂದಿದ್ದರೂ ನಾವು ಕೊಳ್ಳುವವರಲ್ಲ. ಅಮ್ಮನಿಗೆ ಅದರ ಚಿಂತೆಯೇ ಇರಲಿಲ್ಲ. "ಈ ವರ್ಷ ದೇವರು ಏನೇನು ಕೊಟ್ಟನೋ ಅದನ್ನೇ ಮರಕ್ಕೆ ಕಟ್ಟೋಣ. ಅದಕ್ಕಿಂತ ಒಡವೆ ಬೇಕಾ?" ಎಂದಳು. ಮುಸಾಫರಖಾನೆಯ ಕಾವಲುಗಾರ ಅಲ್ಲಿನ ಸರ್ವೆ ಮರದ ಕೊಂಬೆಯೊಂದನ್ನು ಕಡಿದುಕೊಟ್ಟ. ಸೀಮೆಎಣ್ಣೆ ಡಬ್ಬಕ್ಕೆ ಕೆರೆ ಮಣ್ಣು ತುಂಬಿ ಅದನ್ನು ನಡುಮನೆಯಲ್ಲಿ ನಿಲ್ಲಿಸಿ, ನಂಟರು ಬರುವ ತನಕ ಯಾರೂ ನೋಡಬಾರದೆಂದು ಅಮ್ಮನ ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿದೆವು.

ಅಮ್ಮ ಹೇಳಿದ ಹಾಗೆಯೇ ಮರ ತುಂಬುತ್ತಾ ಬಂತು. ಮಳೆ ಕೈಕೊಡದೆ ಬೆಳೆ ಬಂದುದಕ್ಕೆ ನಾಲ್ಕು ರಾಗಿ ತೆನೆ. ಅಮ್ಮನಿಗೆ ಬಂದಿದ್ದ ಚಳಿಜ್ವರ ಬಿಟ್ಟುದಕ್ಕೆ ಔಷಧಿ ಸೀಸೆಯ ಬಿರಡೆ, ಅದರ ಮೇಲೆ ಬೇಗಡೆ ಕಾಗದ. ಎಲ್ಲಕ್ಕಿಂತ ಚೆಂದದ್ದು ಅಪ್ಪನ ದಾಕಿನ ಮದ್ದು ಬರುತ್ತಿದ್ದ ಸಣ್ಣ ಗಾಜಿನ ಕೊಳವೆಗಳು. ಬರಿದಾದವನ್ನು ಅಮ್ಮ ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಎಣಿಸಿ, ದಾರದಲ್ಲಿ ಸಾಲಾಗಿ ಕಟ್ಟಿದಳು. ಕಿಟಕಿಯ ಬಿಸಿಲು ಬಿದ್ದಾಗ ಅವು ಮಿಂಚುತ್ತಿದ್ದವು. "ಒಂದೊಂದು ಕೊಳವೆಗೂ ಇಷ್ಟಿಷ್ಟು ಮಕ್ಕಳು ಉಳಿದವು ಅಂದ್ಕೋ," ಎನ್ನುತ್ತಿದ್ದಳು.

ನನಗೆ ಅದು ಸಾಲದು. ಗ್ರೇಸಿಯ ಬಾಯಿ ಮುಚ್ಚಿಸುವಂಥದ್ದು ಒಂದಾದರೂ ಬೇಕು. ಕೆರೆ ಮಣ್ಣಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಮಗು ಮಾಡಿ, ಕಣ್ಣಿಗೆ ಎರಡು ಸಾಸಿವೆ ಕಾಳು ಒತ್ತಿ, ಒಲೆಯ ಪಕ್ಕ ಒಣಗಿಸಿದ್ದೆ. ಯೇಸುಸ್ವಾಮಿ. ಆದರೆ ಮಲಗಿಸುವುದು ಎಲ್ಲಿ?

ಕೆರೆ ಏರಿಯ ಮೇಲೆ ಒಂದು ಹಳೇ ಬೇವಿನ ಮರ, ಅದರ ಬುಡದಲ್ಲಿ ಅರಿಶಿನ ಬಳಿದ ಊರದೇವತೆ ಏರಿ ಅಮ್ಮನ ಕಲ್ಲು. ಮರದ ಕೊಂಬೆಗಳ ತುಂಬ ಬಳೆ, ಬಟ್ಟೆ ಚೂರು, ಪುಟ್ಟಪುಟ್ಟ ಮರದ ತೊಟ್ಟಿಲು ತೂಗುತ್ತಿದ್ದವು. ಶಾಲೆಗೆ ಹೋಗುವಾಗ ದಿನವೂ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಮರಕ್ಕೆ ಕಟ್ಟಿದ್ದನ್ನು ಹಬ್ಬ ಕಳೆದ ಮೇಲೆ ಬಿಚ್ಚಿ, ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕುವುದು ರೂಢಿ. ಇವನ್ನು ಯಾರೂ ಬಿಚ್ಚುತ್ತಲೇ ಇರಲಿಲ್ಲ. ಮಳೆ ಬಿಸಿಲಿಗೆ ನೆನೆದು ಒಣಗಿ ಹಾಗೇ ಇದ್ದವು. ಅವರ ಹಬ್ಬ ಎಂದೋ ಮುಗಿದಿದೆ, ಇವು ಯಾರಿಗೂ ಬೇಡವಾದವು ಎಂದೇ ನಾನು ತಿಳಿದದ್ದು. ಒಂದು ಮಧ್ಯಾಹ್ನ ಕಟ್ಟೆ ಹತ್ತಿ, ಎಲ್ಲಕ್ಕಿಂತ ಹೊಸದಾಗಿ ಕಂಡ ಒಂದನ್ನು ಬಿಚ್ಚಿಕೊಂಡೆ. ನಾಲ್ಕು ಬೆರಳಗಲ, ಕರಿ ಉಣ್ಣೆಯ ಹುರಿ, ಒಳಗೆ ಮಡಿಸಿಟ್ಟ ಹಸಿರು ಬಟ್ಟೆ ಚೂರು. ಮನೆಗೆ ತಂದು ಹತ್ತಿ ಹಾಸಿ, ಮಗುವನ್ನು ಮಲಗಿಸಿ, ಹಸಿರು ಬಟ್ಟೆ ಹೊದಿಸಿ, ಸರ್ವೆ ಕೊಂಬೆಯ ನಟ್ಟನಡುವೆ ಕಟ್ಟಿದೆ. ಅಮ್ಮ ಕಜ್ಜಾಯದ ಹಿಟ್ಟು ಕುಟ್ಟುತ್ತಿದ್ದಳು, ನೋಡಲಿಲ್ಲ. ಹಬ್ಬಕ್ಕೆ ಇನ್ನು ಮೂರೇ ದಿನ.

ಮಾರನೇ ಬೆಳಿಗ್ಗೆ ನಿಂಗಕ್ಕ ಮೊಸರು ತಂದಳು. ಅವಳದು ಊರಾಚೆಯ ಹಟ್ಟಿ, ಕುರಿ ಎಮ್ಮೆ ಸಾಕುವ ಮನೆ. ದಿನವೂ ಬಾಗಿಲಲ್ಲೇ "ದಾಕಮ್ಮಾರೇ, ಮೊಸ್ರು!" ಎಂದು ಕೂಗಿ, ನನ್ನ ಕೆನ್ನೆ ಹಿಂಡಿ, ಬೆಣ್ಣೆಯ ಚೂರೊಂದನ್ನು ಅಂಗೈಗೆ ಒತ್ತಿ ಹೋಗುವವಳು. ಅಂದು ಕೂಗಲಿಲ್ಲ. ಗಡಿಗೆ ಇಳಿಸಿ ಜಗಲಿಯ ಮೇಲೆ ಕೂತುಬಿಟ್ಟಳು. ಕಣ್ಣು ಊದಿಕೊಂಡಿತ್ತು.

"ಏನಾಯ್ತೇ ನಿಂಗೀ?" ಎಂದಳು ಅಮ್ಮ.

"ನನ್ ತೊಟ್ಲು ಓಯ್ತು ಕಣಮ್ಮ. ಏರಿ ಅಮ್ಮಂಗೆ ಕಟ್ಟಿದ್ನಲ್ಲ, ಉಗಾದಿ ಗಂಟ ಇದ್ರೆ ತಾಯಿ ಒಪ್ಕಂಡ್ಳು ಅಂತ ಲೆಕ್ಕ. ನೆನ್ನೆ ಸಂಜೆ ನೋಡ್ತೀನಿ, ಇಲ್ಲ. ಎಲ್ಲಾರ್ವೂ ಅವೆ, ನಂದೊಂದೇ ಇಲ್ಲ."

"ಗಾಳಿಗೆ ಬಿದ್ದಿರಬೇಕು, ಹುಡುಕಿದ್ಯಾ?"

"ಕೆಳಗೆಲ್ಲ ಉಡುಕ್ಬುಟ್ಟೆ. ನಮ್ಮತ್ತೆ ಏನಂದ್ಳು ಗೊತ್ತಾ? 'ತಾಯಿ ಕಿತ್ತು ಎಸೆದ್ಬುಟ್ಳು, ಅಂಗಂದ್ಮೇಲೆ ಇನ್ನೇನು' ಅಂದ್ಳು. ಮದ್ವೆಯಾಗಿ ಒಂಬತ್ತು ವರ್ಷ ಆಯ್ತು. ಸಂಕ್ರಾಂತಿ ಕಳೀಲಿ, ಹುಲಿಕುಂಟೇಲಿ ಮಗಂಗೆ ಇನ್ನೊಂದ್ ಎಣ್ಣು ನೋಡ್ಕಂಡ್ ಬರ್ತೀವಿ ಅಂತವ್ಳೆ. ಆ ಎಣ್ಣಿನ್ ಮಕ್ಕಳಿಗೆ ನಾನು ಗಂಜಿ ಕಾಯಿಸ್ಕಂಡು ಬಿದ್ದಿರ್ಬೇಕು."

ನಾನು ಬಾಗಿಲ ಹಿಂದೆ ನಿಂತಿದ್ದೆ. ಕೈಯಲ್ಲಿದ್ದ ಅವರೆಕಾಯಿಯ ಮೊರ ಕೆಳಗೆ ಬಿತ್ತು. ಅಮ್ಮ ಒಮ್ಮೆ ನನ್ನ ಕಡೆ ನೋಡಿದಳು. ನಿಂಗಕ್ಕ ಎದ್ದು ಹೋದ ಮೇಲೆ ಸೀದಾ ನಡುಮನೆಗೆ ಹೋಗಿ ಅಡ್ಡ ಕಟ್ಟಿದ ಸೀರೆ ಸರಿಸಿದಳು.

ಹೊಡೆಯುತ್ತಾಳೆಂದು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ.

"ಇದು ಏನು ಅಂತ ಗೊತ್ತಿತ್ತಾ ನಿಂಗೆ?"

"ಅವರು ಬಿಟ್ಟುಹೋಗಿದ್ದು ಅಂದ್ಕೊಂಡೆ," ಎಂದು ಅಳತೊಡಗಿದೆ.

ಅಪ್ಪ ದಾಕಿನ ಪೆಟ್ಟಿಗೆ ಮುಚ್ಚುತ್ತಾ ಎಲ್ಲ ಕೇಳಿಸಿಕೊಂಡರು. ಅವರ ಮುಖ ಸಪ್ಪಗಾಯಿತು. "ಸದ್ದಿಲ್ಲದೆ ತಗೊಂಡು ಹೋಗಿ ಇದ್ದ ಕಡೆ ಕಟ್ಟಿಬಿಡು. ಯಾರಿಗೂ ಹೇಳೋದು ಬೇಡ. ಆ ಹಟ್ಟಿಯವರು ದಾಕು ಅಂದ್ರೇನೇ ಸಿಡುಬಿನ ಅಮ್ಮ ಮುನೀತಾಳೆ ಅಂತ ಮಕ್ಕಳನ್ನ ಕಣಜದಲ್ಲಿ ಬಚ್ಚಿಡ್ತಾರೆ. ಒಂದು ವರ್ಷ ಹೇಳಿ ಹೇಳಿ ಈಗ ತೋಳು ಚಾಚ್ತಿದಾರೆ. ದಾಕಿನವನ ಮಗಳೇ ಹರಕೆ ತೊಟ್ಟಿಲು ಕದ್ದಳು ಅಂದ್ರೆ ಮುಗೀತು."

"ಸದ್ದಿಲ್ಲದೆ ಕಟ್ಟಿದ್ರೆ ಅವಳತ್ತೆ ನಂಬ್ತಾಳಾ? ಸೊಸೇನೇ ಹೊಸದು ಕಟ್ಟಿದಾಳೆ ಅಂತಾಳೆ," ಅಂದಳು ಅಮ್ಮ. "ತಾಯಿ ಕಿತ್ತಿದ್ದಲ್ಲ, ನನ್ನ ಮಗಳು ಕಿತ್ತಿದ್ದು ಅಂತ ಆಕೆ ಕಿವಿಗೆ ಬೀಳಬೇಕು ಕಣ್ರೀ."

"ಹರಕೆ ಮರಕ್ಕೆ ನಮ್ಮ ಕೈಯಿಂದ ತೊಟ್ಟಿಲು ಕೊಡೋದಾ? ನಮ್ಮೋರು ಏನಂತಾರೆ?"

ಅಮ್ಮ ಕೊಂಬೆಯಿಂದ ತೊಟ್ಟಿಲು ಬಿಚ್ಚತೊಡಗಿದಳು. ದಿನಕ್ಕೆ ಮೂರು ಹೊತ್ತು ಮೊಣಕಾಲೂರಿ ಪ್ರಾರ್ಥನೆ ಮಾಡುವವಳು ಅವಳು. ಏರಿಯ ಕಲ್ಲಿನ ಮುಂದೆ ಹಾದುಹೋಗುವಾಗ ತಲೆಯನ್ನೂ ತಿರುಗಿಸದವಳು. "ಮಗು ಬೇಕು ಅಂತ ಅತ್ತ ಹೆಂಗಸರು ನಮ್ಮ ಸತ್ಯವೇದದಲ್ಲೂ ಇದಾರಲ್ಲ. ಅವಳು ಎಲ್ಲಿ ನಿಂತು ಕೇಳಿದಳೋ ಅದು ಅವಳಿಗೂ ದೇವರಿಗೂ ಬಿಟ್ಟಿದ್ದು. ಒಬ್ಬಳ ಬೇಡಿಕೆ ಕಿತ್ತು ತಂದು ನಮ್ಮ ಮರಕ್ಕೆ ಕಟ್ಟಿಕೊಂಡು ನಾನು ಹಾಡು ಹೇಳಲಾರೆ," ಎಂದಳು.

ಹಟ್ಟಿಗೆ ಒಂದು ಮೈಲಿ. ತೊಟ್ಟಿಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಮ್ಮ ಮುಂದೆ, ನಾನು ಹಿಂದೆ. ಮುಳ್ಳುಬೇಲಿಯ ಹೊರಗೆ ಮೆಟ್ಟು ಬಿಟ್ಟು ಒಳಗೆ ಹೋದೆವು. ಕುರಿಗೊಬ್ಬರದ ಘಾಟು, ನಾಯಿಗಳ ಬೊಗಳು. ನಿಂಗಕ್ಕನ ಅತ್ತೆ ಈರಜ್ಜಿ ಬಿಸಿಲಿಗೆ ಕೂತು ಉಣ್ಣೆ ಹಿಂಜುತ್ತಿದ್ದಳು. ಅವಳ ಹಿಂದೆ ಬಾಗಿಲಲ್ಲಿ ನಿಂಗಕ್ಕ. ಅಮ್ಮ ತೊಟ್ಟಿಲನ್ನು ನನ್ನ ಕೈಗೆ ಕೊಟ್ಟು ಬೆನ್ನ ಮೇಲೆ ಕೈಯಿಟ್ಟಳು.

"ನಾನೇ ಬಿಚ್ಚಿಕೊಂಡಿದ್ದು," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದೆ.

ಈರಜ್ಜಿ ಉಣ್ಣೆ ಕೆಳಗಿಟ್ಟಳು. "ಅಯ್ಯೋ ನಿನ್ ಕೈ ಸೇದೋಗ! ಅಪ್ಪ ಸೂಜಿ ಚುಚ್ತಾನೆ, ಮಗಳು ತೊಟ್ಲು ಕದೀತಾಳೆ. ಒಳ್ಳೆ ಮನೆ ಸೇರ್ಕಂಡೈತೆ ಊರಿಗೆ!"

ಅಮ್ಮ ತಲೆ ತಗ್ಗಿಸಿ ನಿಂತಳು. "ತಪ್ಪು ನಮ್ಮದು ಅಜ್ಜಿ. ನಿಮ್ಮ ಸೊಸೆ ಮೇಲೆ ಹಾಕಬೇಡಿ."

"ಯಾತಕ್ಕೆ ಬೇಕಾಗಿತ್ತೇ ನಿಂಗೆ ಇದು?" ಅಜ್ಜಿ ನನ್ನ ಗದ್ದ ಹಿಡಿದೆತ್ತಿದಳು.

"ನಮ್ಮ ಹಬ್ಬಕ್ಕೆ. ನಮ್ಮ ದೇವರು ಮಗುವಾಗಿ ಹುಟ್ಟೋ ಹಬ್ಬ. ಮಲಗಿಸೋಕೆ ಬೇಕಾಗಿತ್ತು."

ಆಗಲೇ ನನಗೆ ನೆನಪಾದದ್ದು, ಗಾಬರಿಯಲ್ಲಿ ಮಗುವನ್ನು ತೆಗೆದಿರಲೇ ಇಲ್ಲ. ಅಜ್ಜಿ ತೊಟ್ಟಿಲು ಕಸಿದುಕೊಂಡು ಹಸಿರು ಬಟ್ಟೆ ಎತ್ತಿದಳು. ಹತ್ತಿಯ ಮೇಲೆ ನನ್ನ ಮಣ್ಣಿನ ಮಗು ಸಾಸಿವೆ ಕಣ್ಣು ಬಿಟ್ಟುಕೊಂಡು ಮಲಗಿತ್ತು.

ಅಜ್ಜಿ ಬಹಳ ಹೊತ್ತು ನೋಡಿದಳು. ಮುಖದ ಗಂಟು ಒಂದೊಂದೇ ಸಡಿಲಾಯಿತು.

"ಲೇ ನಿಂಗೀ, ಬಾ ಇಲ್ಲಿ. ಕಾಲೀ ಕಟ್ಟಿದ್ದೆ ಅಲ್ವೇನೇ ನೀನು?"

"ಊಂ ಅತ್ತೆ, ಬಟ್ಟೆ ಒಂದೇ ಮಡಿಸಿಕ್ಕಿದ್ದೆ."

"ಕಾಲೀ ಓಗಿದ್ದು ಮಗು ಮಲಗಿಸ್ಕಂಡು ಬಂದೈತೆ ನೋಡು. ಅದೂ ಎಣ್ಣು ಕೂಸಿನ ಕೈಯಾಗೆ. ತಾಯಿ ಒಲ್ಲೆ ಅಂದಿದ್ರೆ ಇಂಗ್ ಬತ್ತಿತ್ತಾ?"

ನಿಂಗಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಕುಸಿದು ಕೂತಳು. ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅದು ಬರೀ ಕೆರೆ ಮಣ್ಣು, ನನ್ನ ಮಗಳ ಆಟ, ಶಕುನವಲ್ಲ ಎಂದೇ ಇರಬೇಕು. ಒಂದು ಮೈಲಿ ನಡೆದು ನಿಜ ಹೇಳಲು ಬಂದವಳು ನಿಂಗಕ್ಕನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

"ಹುಲಿಕುಂಟೆಗೆ ಓಗೋದು?" ಎಂದಳು ನಿಂಗಕ್ಕ, ತಲೆ ಎತ್ತದೆ.

"ಇನ್ನೊಂದ್ ವರ್ಷ ನೋಡಾನ ಬುಡು," ಎಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿದಳು. "ಬಿಚ್ಚಿದ್ ಕೈನೇ ಕಟ್ಬೇಕು. ನಡೀ ಕಳ್ಳಿ."

ಏರಿಯ ಮೇಲೆ ನಾಲ್ವರೂ ಹೋದೆವು. ನನ್ನನ್ನು ನಿಂಗಕ್ಕನೇ ಎತ್ತಿ ಹಿಡಿದಳು. ಮಗುವನ್ನು ತೆಗೆದುಕೊಳ್ಳಲೇ ಎಂದು ಅಮ್ಮನ ಮುಖ ನೋಡಿದೆ. ಅವಳು ಬೇಡವೆಂದು ತಲೆಯಾಡಿಸಿದಳು. ಮೂರು ಗಂಟು ಹಾಕಿದೆ. ಅಮ್ಮ ದೂರದಲ್ಲಿ ಕೆರೆಯ ಕಡೆ ಮುಖ ಮಾಡಿ ನಿಂತಿದ್ದಳು. ತುಟಿ ಅಲುಗುತ್ತಿತ್ತು.

ಕ್ರಿಸ್ಮಸ್ಸಿನ ಬೆಳಿಗ್ಗೆ ಎತ್ತಿನ ಗಾಡಿಗಳಲ್ಲಿ ನಂಟರೆಲ್ಲ ಬಂದರು. ಸಕ್ಕರೆ ಸಿಗದ ಕಾಲ, ಬೆಲ್ಲದ ಕಜ್ಜಾಯವೇ ಹಬ್ಬ. ಸೀರೆ ಸರಿಸಿದಾಗ ಗಾಜಿನ ಕೊಳವೆಗಳು ಮಿಂಚಿದವು, ಮಕ್ಕಳೆಲ್ಲ ಓ ಎಂದರು. ಗ್ರೇಸಿ ಮಾತ್ರ ಸುತ್ತಲೂ ತಿರುಗಿ ನೋಡಿ, "ನಡುವೆ ಏನೂ ಕಟ್ಟೇ ಇಲ್ವಲ್ಲ ಚಿಕ್ಕಮ್ಮ. ಯೇಸುಸ್ವಾಮಿ ಎಲ್ಲಿ?" ಎಂದಳು.

ಅಮ್ಮ ಕಜ್ಜಾಯದ ತಟ್ಟೆ ಅವಳ ಕೈಗೆ ಕೊಟ್ಟಳು. "ಕೆರೆ ಏರಿ ಮೇಲೆ ಮಲಗಿದಾನೆ. ಅಲ್ಲಿ ಒಬ್ಬರಿಗೆ ಬೇಕಾಗಿತ್ತು. ತಿನ್ನು."

ದೊಡ್ಡಮ್ಮನಿಗೆ ಅರ್ಥವಾಗಲಿಲ್ಲ. ಅಪ್ಪ ಕೆಮ್ಮಿ, ಹಾಡಿನ ಪುಸ್ತಕ ತೆರೆದರು.

ಮುಂದಿನ ತಿಂಗಳು ಅಪ್ಪ ಅಂಜುತ್ತಲೇ ಹಟ್ಟಿಗೆ ಹೋಗಿಬಂದರು. ಅರ್ಧ ಮಂದಿ ತೋಳು ಚಾಚಿದರಂತೆ, ಅರ್ಧ ಮಂದಿ ಎಂದಿನಂತೆ ಮಕ್ಕಳನ್ನು ಕಣಜಕ್ಕೆ ಇಳಿಸಿದರಂತೆ. ಅಷ್ಟಾದರೂ ಉಳಿಯಿತಲ್ಲ ಎಂದು ಅಮ್ಮ ಅಂದು ರಾತ್ರಿ ಊಟಕ್ಕೆ ಮುಂಚೆ ದೇವರಿಗೆ ಒಂದು ಸ್ತೋತ್ರ ಹೆಚ್ಚಿಗೆ ಹೇಳಿದಳು. ಯುಗಾದಿಯ ಹೊತ್ತಿಗೆ ಅಪ್ಪನನ್ನು ಪಾವಗಡಕ್ಕೆ ಹಾಕಿದರು. ನಾವು ಗಾಡಿ ಹತ್ತುವ ದಿನ ತೊಟ್ಟಿಲು ಇದ್ದ ಕಡೆಯೇ ತೂಗುತ್ತಿತ್ತು. ನಿಂಗಕ್ಕ ಗಾಡಿಯ ಪಕ್ಕ ಸ್ವಲ್ಪ ದೂರ ನಡೆದುಬಂದು, ನನ್ನ ಅಂಗೈಗೆ ಬೆಣ್ಣೆ ಒತ್ತಿ ನಿಂತಳು. ಅಷ್ಟೇ. ಆ ಕಡೆಯ ಸುದ್ದಿ ಮತ್ತೆ ನಮಗೆ ತಲುಪಲಿಲ್ಲ.

ಈಗ ನಮ್ಮ ಮನೆಯ ಕ್ರಿಸ್ಮಸ್ ಮರ ರಟ್ಟಿನ ಪೆಟ್ಟಿಗೆಯಲ್ಲಿ ಮಡಿಸಿಕೊಂಡು ಬರುತ್ತದೆ. ಒಂದು ಡಜನ್ ಗುಂಡು, ಒಂದು ಡಜನ್ ನಕ್ಷತ್ರ. ಬಿದ್ದರೂ ಒಡೆಯುವುದಿಲ್ಲ, ಅದೂ ಒಂದು ಅನುಕೂಲವೇ; ಮಕ್ಕಳ ಕೈ ತಟ್ಟುವ ಕೆಲಸವಿಲ್ಲ. ದೇವರು ನನಗೆ ಯಾವುದಕ್ಕೂ ಕಡಿಮೆ ಮಾಡಿಲ್ಲ. ಆದರೆ ಆ ಮರದಲ್ಲಿ ತೂಗುವ ಯಾವುದನ್ನೂ ಯಾರೂ ಅತ್ತುಕೊಂಡು ಕಟ್ಟಿದ್ದಲ್ಲ. ಕಳೆದುಹೋದರೆ ಹುಡುಕಿಕೊಂಡು ನಮ್ಮ ಜಗಲಿಗೆ ಬರುವವರಿಲ್ಲ. ನಾವು ಹೊತ್ತುಕೊಂಡು ಹೋಗಿ ತಲೆ ತಗ್ಗಿಸಿ ನಿಲ್ಲಬೇಕಾದ ಅಂಗಳವೂ ಇಲ್ಲ.

ಅಂದು ಕೆರೆಯ ಕಡೆ ತಿರುಗಿ ನಿಂತು ಅಮ್ಮ ಏನು ಕೇಳಿಕೊಂಡಳೆಂದು ನಾನು ಕೇಳಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಆಮೇಲೆ ಮನೆಯ ಪ್ರಾರ್ಥನೆಯಲ್ಲಿ ದಿನವೂ ನಿಂಗಕ್ಕನ ಹೆಸರು ಬರುತ್ತಿತ್ತು. ಅಮ್ಮ ಹೋದ ಮೇಲೆ ನಾನು ಹೇಳುತ್ತಾ ಬಂದಿದ್ದೇನೆ. ನಿಂಗಕ್ಕ ಇದ್ದರೆ ನೂರರ ಹತ್ತಿರ ಇರಬೇಕು, ಇಲ್ಲವೆಂದೇ ಇಟ್ಟುಕೊಳ್ಳಬೇಕು. ಆದರೂ ಅವಳ ಹೆಸರು ಬಂದಾಗ ಬೇರೆ ಏನು ಕೇಳಬೇಕೋ ನನಗೆ ತೋಚುವುದಿಲ್ಲ. ಸ್ವಾಮೀ, ಅವಳಿಗೊಂದು ಮಗು ಕೊಡು ಎಂದೇ ಕೇಳುತ್ತೇನೆ.