ಹಾಡು ನಿಂತ ಜಾಗ

ನಮ್ಮ ಸೋನಾರ್‌ಪುರಾದ ಮೊಟ್ಟೆ ಅಂಗಡಿಯ ಮುಂದೆ ನೆನೆದ ಟ್ರೇಗಳ ವಾಸನೆ ಬಂದರೆ ನನಗೆ ನಮ್ಮ ಆಲ್ಬಮ್ ನೆನಪಾಗುತ್ತದೆ. ನಗಬೇಡಿ. ಸದ್ದು ಹೊರಗೆ ಹೋಗದಿರಲಿ ಎಂದು ನಮ್ಮ ಮನೆಯ ಮಹಡಿ ಕೋಣೆಯ ಗೋಡೆಗೆಲ್ಲ ಅವನ್ನೇ ಅಂಟಿಸಿದ್ದೆ.

"ಕೆಳಗೆ ದೇವ್ರ ಮನೆ ಇದೆ ಕಣೋ, ಮೇಲೆ ಮೊಟ್ಟೆ ಟ್ರೇನಾ?" ಎಂದು ಅಮ್ಮ ಬೈದಳು.

"ಖಾಲಿ ಅಮ್ಮಾ."

"ನಿನ್ ತಲೇನೂ ಹಾಗೇ."

ಅವು ಸದ್ದನ್ನೇನೂ ತಡೆಯಲಿಲ್ಲ. ಯೂಟ್ಯೂಬ್ ನೋಡಿ ಕಲಿತವನ ಇಂಜಿನಿಯರಿಂಗ್ ಅಷ್ಟೇ.

ಬ್ಯಾಂಡ್ ಎಂದರೆ ಇಬ್ಬರೇ. ಗಿಟಾರು, ಗಂಟಲು ನನ್ನದು, ಡ್ರಮ್ಸ್ ಶ್ರೀಧರನದು. ಅವನಪ್ಪ ಧಾರವಾಡದ ಕಡೆಯವರು, ಇಲ್ಲಿ ಈ ಹಿಂದಿ ಸೀಮೆಯ ಬ್ಯಾಂಕಿನಲ್ಲಿದ್ದರು. ನಾವು ನುಡಿಸುವ ಪ್ರೋಗ್ರೆಸಿವ್ ಡೆತ್ ಮೆಟಲ್ ನೀವು ಕೇಳಿರಲಿಕ್ಕಿಲ್ಲ. ಹೊಟ್ಟೆಯಿಂದ ಗುಡುಗಬೇಕು, ತಾಳ ಮಾತುಮಾತಿಗೆ ಬದಲಾಗಬೇಕು, ಹಾಡೆಲ್ಲ ಸಾವಿನ ಬಗ್ಗೆ. ಆದರೆ ನದಿ ದಡದ ಹರಿಶ್ಚಂದ್ರ ಘಾಟ್‌ನ ಸ್ಮಶಾನಕ್ಕೆ ಹೋಗುವ ಶವ ನಮ್ಮ ಗಲ್ಲಿಗೆ ಬಂತೋ, ಶ್ರೀಧರ ಸ್ಟಿಕ್ ಕೆಳಗಿಟ್ಟು ಎದ್ದು ನಿಂತು ಹಣೆ ಮುಟ್ಟಿಕೊಳ್ಳುತ್ತಿದ್ದ. ಚಿಕ್ಕಂದಿನ ಅಭ್ಯಾಸ. ಅಲ್ಲಿಗೆ ರೆಕಾರ್ಡಿಂಗ್ ಕೆಟ್ಟಿತು.

ಕೊನೆಯ, ಎಲ್ಲಕ್ಕಿಂತ ಉದ್ದದ ಹಾಡು ಬಾಕಿಯಿದ್ದಾಗ ಅವನಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಸಾಮಾನಿನ ಲಾರಿಯಲ್ಲೇ ಡ್ರಮ್ಸೂ ಹೋಗಬೇಕು, ಲಾರಿ ಸಂಜೆಗೆ. ಮಧ್ಯಾಹ್ನ ಶುರು ಮಾಡಿದೆವು. ಅವನು ಅಷ್ಟು ಚೆನ್ನಾಗಿ ಎಂದೂ ಬಾರಿಸಿರಲಿಲ್ಲ. ಅರ್ಧಕ್ಕೆ ಬಂದಾಗ ಕೆಳಗಿನಿಂದ ಶವ ಹೊತ್ತವರ ಕೂಗು, "ರಾಮ ನಾಮ ಸತ್ಯ ಹೈ". ನಿಲ್ಲಿಸಿಯೇಬಿಟ್ಟ.

"ಇವತ್ತೊಂದಿನ ಬಾರ್ಸೋ ಮಾರಾಯ!"

"ತಡಿಯಲೇ. ಹೋಗ್ಲಿ ಅವ್ರು."

ಹೋದರು. ಕೂತು, ಬಿಟ್ಟಲ್ಲಿಂದಲೇ ಮುಗಿಸಿದ. ಅಷ್ಟರಲ್ಲಿ ಲಾರಿಯ ಹಾರ್ನ್ ಕೇಳಿತು.

ಆಮೇಲೆ ಕಂಪ್ಯೂಟರಿನಲ್ಲಿ ನಡುವೆ ನಿಂತ ಆ ತುಂಡು ಕತ್ತರಿಸಿ ಜೋಡಿಸಿದೆ. ಹಾಡು ಕುಂಟಿತು. ಕತ್ತರಿಸದೆ ಕೇಳಿದೆ. ಗಲ್ಲಿಯ ಕೂಗು, ಅದರೊಳಗೆ ಯಾರೋ ಬಿಕ್ಕುವುದು, ಎಲ್ಲ ಸ್ಪಷ್ಟವಾಗಿ ಬಿದ್ದಿತ್ತು. ಹೊರದೇಶದವರು ಇದನ್ನು ಕೇಳಿ ಹುಚ್ಚಾಗುತ್ತಾರೆ ಎಂದುಕೊಂಡು ಹುಬ್ಬಳ್ಳಿಗೆ ಕಳಿಸಿದೆ. ಶ್ರೀಧರ ಕೂಡಲೇ ಫೋನ್ ಮಾಡಿದ.

"ಆ ದನಿ ತಗಿ."

"ಅದೇ ಕಣೋ ಮಜಾ!"

"ಅದು ಯಾರ್ದೋ ಮನಿ ದುಃಖ ಐತಿ ಭಾಯಿ, ನಮ್ ಹಾಡಲ್ಲ. ನಾವು ನಿಂತದ್ದಷ್ಟ ನಮ್ದು. ಅದನ್ನ ಇಡು."

ಒಂದು ವಾರ ಮುನಿಸಿಕೊಂಡಿದ್ದೆ. ಕೊನೆಗೆ ದನಿ ತೆಗೆದೆ. ಬರೀ ಮೌನ ಉಳಿಯಿತು. ಕಂಪನಿ ಗಿಂಪನಿ ಇಲ್ಲದ ನಾವು ಆಲ್ಬಮ್ಮನ್ನು ನಾವೇ ನೆಟ್‌ಗೆ ಹಾಕಿದೆವು.

ನಿನ್ನೆ ಯಾವುದೋ ದೂರದ ದೇಶದವನು ಬರೆದಿದ್ದಾನೆ: ಕೊನೆಯ ಹಾಡಿನ ನಡುವಿನ ಆ ನಿಲುಗಡೆ ಅದ್ಭುತ, ಎಣಿಸಿ ಎಣಿಸಿ ಸೋತೆ, ತಾಳದ ಎಷ್ಟು ಮಾತ್ರೆ ಅದು? ಏನಾದರೊಂದು ಜಂಬದ ಲೆಕ್ಕ ಹೇಳಿಬಿಡೋಣ ಅನಿಸಿತು. ಟೈಪ್ ಮಾಡಿದ್ದನ್ನು ಅಳಿಸಿ ಬರೆದೆ: ನಾವು ಎಣಿಸಿಲ್ಲ. ಒಬ್ಬರು ನಮ್ಮ ಗಲ್ಲಿ ದಾಟುವಷ್ಟು ಹೊತ್ತು.